ಅಚ್ಚುಮೊಳೆ, ಹಂಚು, ಮಗ್ಗ: ಕನ್ನಡ ಕರಾವಳಿಯ ಕೈಗಾರಿಕೆ ಮತ್ತು ಜರ್ಮನ್ ಚರಿತ್ರೆ

೧

ಪುಣೆಯ ಹಳೆಯ ಪೇಟೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ವಾಡೆಗಳ ಮಾಡಿನ ಮೇಲೆ ಕಾಣುವ ಕೆಂಪು ಹಂಚಿಗೆ ಮರಾಠಿಯಲ್ಲಿ ‘ಮಂಗಲೋರಿ ಕೌಲ’ ಎಂದು ಹೆಸರು. ಈ ಮಾತನ್ನು ಬಳಸುವವರಲ್ಲಿ ಬಹುಮಂದಿ ಮಂಗಳೂರನ್ನು ಕಂಡವರಲ್ಲ; ಆ ಹೆಸರಿನೊಳಗೆ ಕನ್ನಡ ಕರಾವಳಿಯ ಊರೊಂದು ಅಡಗಿದೆಯೆಂದು ಯೋಚಿಸಿದವರೂ ಅಲ್ಲ. ಇದಕ್ಕೆ ಪ್ರತಿಯಾಗಿ ಪುಣೆಯ ಕಡೆಯಿಂದ ಕನ್ನಡಕ್ಕೆ ಬಂದ ಮಾತೊಂದಿದೆ. ಸಣ್ಣ ಸಾಮಾನು ಗಾಡಿಗೆ ನಾವು ‘ಟೆಂಪೋ’ ಎನ್ನುತ್ತೇವೆ. ಬೀದರಿನಿಂದ ಕಾಸರಗೋಡಿನವರೆಗೆ ಈ ಪದವನ್ನು ಅರಿಯದ ಕನ್ನಡಿಗನಿಲ್ಲ. ಅದು ಒಂದು ಕಾಲಕ್ಕೆ ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಕಂಪೆನಿಯ ವಾಹನದ ಹೆಸರಾಗಿತ್ತೆಂಬುದನ್ನು ಬಲ್ಲವರು ಮಾತ್ರ ಕಡಿಮೆ.

ಒಂದು ಪದ ಕನ್ನಡ ನಾಡಿನಿಂದ ಪುಣೆಗೆ ಹೋಯಿತು. ಇನ್ನೊಂದು ಪುಣೆಯ ಮೂಲಕ ಕನ್ನಡ ನಾಡಿಗೆ ಬಂದಿತು. ಎರಡರ ಹಿಂದೆಯೂ ಜರ್ಮನ್ ಭಾಷಿಕರ ಕೈಗಾರಿಕೆಯ ಚರಿತ್ರೆಯಿದೆ. ಎರಡರ ನಡುವೆ ಸುಮಾರು ಒಂದು ಶತಮಾನದ ಅಂತರವಿದೆ. ಆ ಅಂತರದಲ್ಲಿ ಎರಡು ಮಹಾಯುದ್ಧಗಳಿವೆ.

ಕನ್ನಡ ಅಧ್ಯಯನದಲ್ಲಿ ಜರ್ಮನ್ ಸಂಬಂಧವೆಂದ ಕೂಡಲೆ ನಮ್ಮ ನೆನಪಿಗೆ ಬರುವವರು ಹರ್ಮನ್ ಮೋಗ್ಲಿಂಗ್ ಮತ್ತು ಫರ್ಡಿನೆಂಡ್ ಕಿಟ್ಟೆಲ್. ಪತ್ರಿಕೆ, ನಿಘಂಟು, ವ್ಯಾಕರಣ, ಗ್ರಂಥಸಂಪಾದನೆ ಈ ನಾಲ್ಕು ಬಾಬುಗಳಲ್ಲಿ ಅವರ ಋಣವನ್ನು ನಾವು ತಪ್ಪದೆ ಸ್ಮರಿಸಿದ್ದೇವೆ. ಆದರೆ ಅದೇ ಮಿಶನ್ನಿನ ಹಂಚಿನ ಕಾರ್ಖಾನೆಯನ್ನೂ ನೇಯ್ಗೆ ಶಾಲೆಯನ್ನೂ ಅರ್ಥಶಾಸ್ತ್ರಜ್ಞರಿಗೆ, ಚರ್ಚಿನ ಇತಿಹಾಸಕಾರರಿಗೆ ಬಿಟ್ಟುಕೊಟ್ಟಿದ್ದೇವೆ. ನಿಘಂಟು ನಮ್ಮದು, ಹಂಚು ಬೇರೆಯವರದು ಎಂಬ ಈ ಪಾಲುವಾಟಣಿ ಸರಿಯಲ್ಲವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಕನ್ನಡದ ಮುದ್ರಿತ ಅಕ್ಷರವೂ ಮಂಗಳೂರಿನ ಹಂಚೂ ಒಂದೇ ಚಾರಿತ್ರಿಕ ಸಂದರ್ಭದಲ್ಲಿ, ಒಂದೇ ಬಗೆಯ ಕಸುಬುದಾರಿಕೆಯಿಂದ, ಒಂದು ಹಂತದಲ್ಲಂತೂ ಒಬ್ಬನೇ ವ್ಯಕ್ತಿಯ ಕೈಯಿಂದ ಹುಟ್ಟಿದವು. ಒಂದನ್ನು ಬಿಟ್ಟು ಇನ್ನೊಂದನ್ನು ಪೂರ್ಣವಾಗಿ ಅರಿಯಲಾಗದು.

೨

ಮೊದಲಿಗೆ ಜರ್ಮನಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದದ್ದು ೧೮೩೪ರ ಅಕ್ಟೋಬರಿನಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ೧೮೩೩ರ ಸನದು ಬ್ರಿಟಿಷೇತರ ಮಿಶನರಿಗಳಿಗೂ ಬಾಗಿಲು ತೆರೆದುದರಿಂದ ಇದು ಸಾಧ್ಯವಾಯಿತು. ಅದೇ ವರ್ಷದ ಜನವರಿ ಒಂದರಂದು ಯೂರೋಪಿನಲ್ಲಿ ಇನ್ನೊಂದು ಮಹತ್ವದ ಘಟನೆ ನಡೆದಿತ್ತು. ಪ್ರಷ್ಯದ ಮುಂದಾಳುತನದಲ್ಲಿ ಹಲವು ಜರ್ಮನ್ ರಾಜ್ಯಗಳು ತಮ್ಮ ನಡುವಣ ಸುಂಕದ ಕಟ್ಟೆಗಳನ್ನು ತೆಗೆದುಹಾಕಿ ಒಂದು ಸುಂಕದ ಒಕ್ಕೂಟವನ್ನು ಸ್ಥಾಪಿಸಿಕೊಂಡವು. ಮರುವರ್ಷ, ೧೮೩೫ರ ಡಿಸೆಂಬರಿನಲ್ಲಿ, ನ್ಯೂರೆಂಬರ್ಗ್ ಮತ್ತು ಫ್ಯೂರ್ತ್ ನಗರಗಳ ನಡುವೆ ಹಬೆಯ ಬಂಡಿಯ ರೈಲು ಓಡಿತು. ಜರ್ಮನಿಯ ಕೈಗಾರಿಕಾ ಯುಗದ ಆರಂಭವನ್ನು ಚರಿತ್ರಕಾರರು ಸಾಮಾನ್ಯವಾಗಿ ಈ ಎರಡು ವರ್ಷಗಳ ಆಸುಪಾಸಿನಲ್ಲಿ ಗುರುತಿಸುತ್ತಾರೆ.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ೧೮೩೪ರಲ್ಲಿ ಜರ್ಮನಿ ಎಂಬ ಹೆಸರಿನ ಒಂದು ರಾಷ್ಟ್ರವೇ ಇರಲಿಲ್ಲ. ಅದು ಸಾಮ್ರಾಜ್ಯವಾಗಿ ಒಗ್ಗೂಡಿದ್ದು ೧೮೭೧ರಲ್ಲಿ. ಮಂಗಳೂರಿಗೆ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ನೈಋತ್ಯ ಭಾಗದ ವ್ಯುರ್ಟೆಂಬರ್ಗ್ ಎಂಬ ಚಿಕ್ಕ ರಾಜ್ಯದ ಪ್ರಜೆಗಳು; ಅವರನ್ನು ಕಳುಹಿಸಿದ ಸಂಸ್ಥೆ ೧೮೧೫ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದುದು. ಹಣ ಮತ್ತು ಆಡಳಿತ ಬಾಸೆಲಿನ ವರ್ತಕ ಮನೆತನಗಳದು, ಜನ ವ್ಯುರ್ಟೆಂಬರ್ಗಿನವರು ಎಂದು ಸ್ಥೂಲವಾಗಿ ಹೇಳಬಹುದು.

ವ್ಯುರ್ಟೆಂಬರ್ಗಿನಲ್ಲಿ ಕಲ್ಲಿದ್ದಲಿನ ಗಣಿಗಳಿರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಂತೆ ದೊಡ್ಡ ಬಂಡವಾಳವೂ ಇರಲಿಲ್ಲ. ತಂದೆಯ ಹೊಲವನ್ನು ಎಲ್ಲ ಮಕ್ಕಳಿಗೂ ಹಂಚುವ ಪದ್ಧತಿಯಿಂದ ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ ಬಂದವು. ಹೊಲವೊಂದನ್ನೇ ನಂಬಿ ಬಾಳಲಾಗದ ರೈತ ನೇಯ್ಗೆ, ಬಡಗಿತನ, ಗಡಿಯಾರದ ಕೆಲಸ ಮುಂತಾದ ಕಸುಬನ್ನು ಮನೆಯಲ್ಲಿಯೇ ಕಲಿತ. ೧೮೧೬-೧೭ರ ಬರ, ಮತ್ತೆ ೧೮೪೬-೪೭ರ ಹಸಿವು ಸಾವಿರಾರು ಜನರನ್ನು ದೇಶ ಬಿಡಿಸಿದವು. ಇಂಥ ನಾಡಿನಲ್ಲಿ ಕೈಗಾರಿಕೆಯನ್ನು ಕಟ್ಟಬೇಕಾದರೆ ಕೈಯ ನೈಪುಣ್ಯವನ್ನೇ ಬಂಡವಾಳವನ್ನಾಗಿ ಮಾಡಿಕೊಳ್ಳದೆ ಗತ್ಯಂತರವಿರಲಿಲ್ಲ. ೧೮೪೮ರಲ್ಲಿ ಅಲ್ಲಿನ ಸರ್ಕಾರ ಉದ್ಯಮ ಮತ್ತು ವ್ಯಾಪಾರಕ್ಕಾಗಿ ಒಂದು ಕೇಂದ್ರ ಕಚೇರಿಯನ್ನು ತೆರೆಯಿತು. ಅದನ್ನು ಬೆಳೆಸಿದ ಫರ್ಡಿನೆಂಡ್ ಸ್ಟೈನ್‌ಬೈಸ್ ಕಸುಬುದಾರರಿಗೆ ಶಾಲೆಗಳನ್ನು ನಡೆಸಿ, ಹೊರದೇಶದ ಯಂತ್ರಗಳನ್ನು ತರಿಸಿ ತೋರಿಸಿ, ಕುಶಲಕರ್ಮಿಯನ್ನೇ ಕಾರ್ಖಾನೆಯ ಯಜಮಾನನಾಗುವ ಮಟ್ಟಕ್ಕೆ ಏರಿಸುವ ನೀತಿಯನ್ನು ಅನುಸರಿಸಿದ.

ಇದರೊಂದಿಗೆ ಆ ಪ್ರಾಂತದಲ್ಲಿ ಬಲವಾಗಿದ್ದ ಪಯಟಿಸ್ಟ್ ಎಂಬ ಭಕ್ತಿಪಂಥವೂ ಸೇರಿತು. ದುಡಿಮೆಯನ್ನು ದೈವಸೇವೆಯೆಂದೂ ಸೋಮಾರಿತನವನ್ನು ಪಾಪವೆಂದೂ ಎಣಿಸುವ ಪಂಥವಿದು. ‘ಕಾಯಕ’ವೆಂಬ ಮಾತು ರೂಢಿಯಲ್ಲಿರುವ ನಮಗೆ ಈ ಮನೋಧರ್ಮ ಅಪರಿಚಿತವಲ್ಲ, ಆದರೆ ಶರಣರ ಕಾಯಕದ ಬೆನ್ನಿಗೆ ದಾಸೋಹವಿದ್ದರೆ, ಇಲ್ಲಿ ದುಡಿಮೆಯ ಬೆನ್ನಿಗೆ ಲೆಕ್ಕಪುಸ್ತಕವಿತ್ತು ಎಂಬ ವ್ಯತ್ಯಾಸವನ್ನು ಮರೆಯಬಾರದು.

೩

ಮಿಶನ್ನು ಮಂಗಳೂರಿನಲ್ಲಿ ಕಾರ್ಖಾನೆ ತೆರೆಯಬೇಕೆಂದು ಬಂದುದಲ್ಲ. ಅದರ ಉದ್ದೇಶ ಮತಪ್ರಚಾರವೇ ಆಗಿತ್ತು. ಕೈಗಾರಿಕೆಯ ಹಾದಿ ತುಳಿಯುವಂತೆ ಮಾಡಿದ್ದು ಮತಾಂತರದ ಪರಿಣಾಮ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಮತ ಬದಲಾದ ಕೂಡಲೆ ಅವರು ಜಾತಿಯಿಂದ ಹೊರಗಾದರು. ಒಕ್ಕಲಾಗಿದ್ದ ಭೂಮಿಯಿಂದ ಧಣಿಗಳು ಅವರನ್ನು ಎಬ್ಬಿಸಿದ ಪ್ರಸಂಗಗಳೂ ನಡೆದವು. ಮೂರ್ತೆಯ ಕಸುಬನ್ನು ಮುಂದುವರಿಸೋಣವೆಂದರೆ ಶೇಂದಿ ಇಳಿಸುವುದನ್ನು ಮಿಶನ್ನೇ ನಿಷೇಧಿಸಿತ್ತು. ಹಳೆಯ ಸಮಾಜ ಅನ್ನದ ಒಂದು ಬಾಗಿಲನ್ನು ಮುಚ್ಚಿದರೆ ಹೊಸ ಧರ್ಮ ಇನ್ನೊಂದನ್ನು ಮುಚ್ಚಿತು. ಹೀಗೆ ನಿರ್ವಸಿತರಾದವರಿಗೆ ಜೀವನೋಪಾಯವನ್ನು ಒದಗಿಸುವ ಹೊಣೆ ಮಿಶನ್ನಿನ ಮೇಲೆಯೇ ಬಿದ್ದಿತು.

ಬೇಸಾಯದ ವಸಾಹತು, ಬಡಗಿ ಕೆಲಸ, ಗಡಿಯಾರದ ಕೆಲಸ ಹೀಗೆ ಹಲವು ಪ್ರಯತ್ನಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಕೈಗೂಡಲಿಲ್ಲ. ನಿಂತವು ಮುಖ್ಯವಾಗಿ ಮೂರು: ಮುದ್ರಣ, ನೇಯ್ಗೆ ಮತ್ತು ಹಂಚು. ಕನ್ನಡದ ವಿದ್ಯಾರ್ಥಿ ಇಲ್ಲಿ ಒಂದು ಭಾಷಿಕ ಸಂಗತಿಯನ್ನು ಗಮನಿಸಬೇಕು. ಈ ಮೂರು ಉದ್ಯೋಗಗಳಿಗೂ ಕನ್ನಡದಲ್ಲಿ ಸಮಾನವಾದ ಒಂದು ಪದವಿದೆ, ಅದು ‘ಅಚ್ಚು’. ಮುದ್ರಣದ ಅಕ್ಷರ ಅಚ್ಚುಮೊಳೆ, ಅದು ಕೆಲಸ ಮಾಡುವ ಸ್ಥಳ ಅಚ್ಚುಕೂಟ. ಮಣ್ಣಿಗೆ ರೂಪ ಕೊಡುವ ಪಡಿಯಚ್ಚೂ ಅಚ್ಚೇ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ಹೊಕ್ಕನ್ನು ಬಡಿಯುವ ಹಣಿಗೆಯೂ ನೇಕಾರರ ಮಾತಿನಲ್ಲಿ ಅಚ್ಚು. ‘ಅಚ್ಚು ಕೆಚ್ಚು’ ಎಂಬ ಜೋಡಿನುಡಿಯನ್ನು ಕೇಳಿದವರಿಗೆ ಇದು ಗೊತ್ತು. ಒಂದೇ ರೂಪವನ್ನು ತಪ್ಪಿಲ್ಲದೆ ಮತ್ತೆ ಮತ್ತೆ ಪಡೆಯುವ ಸಾಧನ ಅಚ್ಚು. ಕಾರ್ಖಾನೆಯ ಉತ್ಪಾದನೆಯ ತಿರುಳೂ ಅದೇ. ಈ ಪರಿಕಲ್ಪನೆ ಪರದೇಶದಿಂದ ಬಂದುದಲ್ಲ, ನಮ್ಮ ಕುಂಬಾರ ನೇಕಾರರ ಮಾತಿನಲ್ಲಿ ಮೊದಲೇ ಇತ್ತು. ಹೊಸದಾಗಿ ಬಂದುದು ಅದರ ಪ್ರಮಾಣ, ನಿಖರತೆ ಮತ್ತು ಮಾರುಕಟ್ಟೆ.

೪

ಮೊದಲನೆಯದು ಅಕ್ಷರದ ಅಚ್ಚು. ಮಂಗಳೂರಿನಲ್ಲಿ ಮಿಶನ್ನಿನ ಮುದ್ರಣಾಲಯ ೧೮೪೧ರಲ್ಲಿ ಆರಂಭವಾದಾಗ ಅದು ಕಲ್ಲಚ್ಚಿನದಾಗಿತ್ತು. ಕನ್ನಡಕ್ಕೆ ಆ ಮೊದಲೇ ಶ್ರೀರಾಮಪುರ, ಬಳ್ಳಾರಿ ಮತ್ತು ಮದರಾಸುಗಳಲ್ಲಿ ಅಚ್ಚುಮೊಳೆಗಳು ಸಿದ್ಧವಾಗಿದ್ದವು. ಆದರೂ ಮಂಗಳೂರಿನವರು ಕೈಬರಹವನ್ನೇ ಕಲ್ಲಿನ ಮೇಲೆ ಇಳಿಸುವ ವಿಧಾನವನ್ನು ಆರಿಸಿಕೊಂಡರು. ಮೋಗ್ಲಿಂಗ್ ೧೮೪೩ರ ಜುಲೈ ಒಂದರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಹೀಗೆಯೇ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಅಕ್ಷರ ಅಂದವಾಗಿ ಬರುತ್ತದೆ. ಆದರೆ ಪ್ರತಿ ಪುಟವನ್ನೂ ಹೊಸದಾಗಿ ಬರೆಯಬೇಕು. ಅಂದರೆ ಅದು ಇನ್ನೂ ಲಿಪಿಕಾರನ ಯುಗವೇ.

ಈ ಕೊರತೆಯನ್ನು ನೀಗಿಸಿದವನು ಜಾರ್ಜ್ ಪ್ಲೆಬ್ಸ್ಟ್. ಅವನು ಯಂತ್ರದ ಕೆಲಸವನ್ನೂ ಮುದ್ರಣವನ್ನೂ ಬಲ್ಲ ಕಸುಬುದಾರ. ೧೮೫೦ರ ದಶಕದಲ್ಲಿ ಮಂಗಳೂರಿನ ಮುದ್ರಣಾಲಯವನ್ನು ಅಚ್ಚುಮೊಳೆಯ ಮುದ್ರಣಕ್ಕೆ ತಿರುಗಿಸಿ, ಬಾಸೆಲಿಗೆ ಹೋಗಿ ಉತ್ತಮವಾದ ಹೊಸ ಕನ್ನಡ ಅಚ್ಚುಮೊಳೆಗಳನ್ನು ಸಿದ್ಧಪಡಿಸುವ ಕಾರ್ಯದಲ್ಲಿ ಅವನು ತೊಡಗಿದ. ಕನ್ನಡ ಲಿಪಿಯಲ್ಲಿ ಗುಣಿತಾಕ್ಷರ, ಒತ್ತಕ್ಷರಗಳಿಂದಾಗಿ ಬೇಕಾಗುವ ಮೊಳೆಗಳ ಸಂಖ್ಯೆ ರೋಮನ್ ಲಿಪಿಗಿಂತ ಹಲವು ಪಟ್ಟು ಹೆಚ್ಚು. ಪ್ರತಿಯೊಂದರ ಎತ್ತರವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಎರಕ ಹೊಯ್ಯಬೇಕು. ಇಲ್ಲವಾದರೆ ಒತ್ತು ಮುರಿಯುತ್ತದೆ, ಇಲ್ಲವೆ ಮಸಿ ಹತ್ತುವುದಿಲ್ಲ. ಹೀಗೆ ಲೋಹದಲ್ಲಿ ಅಳತೆಯ ಶಿಸ್ತನ್ನು ಸಾಧಿಸಿದ್ದ ಅದೇ ಪ್ಲೆಬ್ಸ್ಟ್ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, ಹಂಚಿನ ಕಾರ್ಖಾನೆಯನ್ನು ಆರಂಭಿಸಿದ. ಅಕ್ಷರದಿಂದ ಹಂಚಿಗೆ ಅವನ ಪಯಣ ನಮಗೆ ವಿಚಿತ್ರವಾಗಿ ಕಾಣಬಹುದು. ಅವನಿಗೆ ಅದು ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ಹೋಗುವುದಷ್ಟೇ ಆಗಿದ್ದಿರಬೇಕು.

ನೇಯ್ಗೆಯ ಕ್ಷೇತ್ರದಲ್ಲಿ ಇಂಥದೇ ಪಾತ್ರ ವಹಿಸಿದವನು ೧೮೫೧ರಲ್ಲಿ ಬಂದ ಹಾಲರ್ ಎಂಬ ನುರಿತ ನೇಕಾರ. ಮಂಗಳೂರಿನ ಬಲ್ಮಠದಲ್ಲಿ ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿ, ಸ್ಥಳೀಯ ಬಣ್ಣಗಳಲ್ಲಿ ಪ್ರಯೋಗ ನಡೆಸಿದ. ‘ಖಾಕಿ’ ಬಣ್ಣವನ್ನು ಕಂಡುಹಿಡಿದವನು ಅವನೇ ಎಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ಇದನ್ನು ಎಚ್ಚರಿಕೆಯಿಂದ ನೋಡಬೇಕು. ಧೂಳು ಎಂಬ ಅರ್ಥದ ಪಾರಸಿಯ ‘ಖಾಕ್’ ಶಬ್ದದಿಂದ ಬಂದ ಈ ಹೆಸರು ಮತ್ತು ಆ ಬಣ್ಣದ ಸಮವಸ್ತ್ರ, ಹಾಲರ್ ಬರುವ ಮೊದಲೇ, ೧೮೪೦ರ ದಶಕದ ಕೊನೆಗೆ ವಾಯವ್ಯ ಗಡಿನಾಡಿನ ಸೇನಾದಳದಲ್ಲಿ ಬಳಕೆಗೆ ಬಂದಿದ್ದವು. ಸ್ಥಳೀಯ ಕಚ್ಚಾವಸ್ತುಗಳಿಂದ ಬಾಳಿಕೆ ಬರುವ ಬಣ್ಣವೊಂದನ್ನು ಮಂಗಳೂರಿನಲ್ಲಿ ತಯಾರಿಸಿದ ಕೀರ್ತಿ ಹಾಲರನದೆಂದರೆ ಸಾಕು. ಅಭಿಮಾನಕ್ಕಾಗಿ ಕಾಲಾನುಕ್ರಮವನ್ನು ಬಾಗಿಸಬೇಕಾಗಿಲ್ಲ.

೫

ಹಂಚಿನ ವಿಷಯವನ್ನು ತುಸು ವಿವರವಾಗಿ ನೋಡಬೇಕು. ‘ಹಂಚು’ ಎಂಬುದು ಕನ್ನಡದ ಹಳೆಯ ಮಾತು. ಮಡಕೆಯ ಚೂರಿಗೂ ಮಾಡಿಗೆ ಹೊದಿಸುವ ಬಿಲ್ಲೆಗೂ ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬೇಯಿಸುವ ಸಾಧನಕ್ಕೂ ಅದೇ ಹೆಸರು. ಮಾಡಿಗೆ ಹೊದಿಸುತ್ತಿದ್ದ ನಾಡಹಂಚನ್ನು ಕುಂಬಾರ ತಿಗುರಿಯ ಮೇಲೆ ಕೊಳವೆಯಾಗಿ ಎತ್ತಿ, ಸೀಳಿ, ಸುಡುತ್ತಿದ್ದ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಮಳೆ ತಡೆಯಬೇಕಾದರೆ ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕು. ಆ ಭಾರ ಹೊರಲು ಮರವೂ ಹೆಚ್ಚು ಬೇಕು. ಗಾಳಿಗೆ, ಮಂಗಗಳ ಓಡಾಟಕ್ಕೆ ಸರಿದ ಹಂಚನ್ನು ಪ್ರತಿ ವರ್ಷ ಮಳೆಗಾಲದ ಮೊದಲು ಕೈಯಾಡಿಸಬೇಕು. ಬಡವರ ಮನೆಗಳಿಗೆ ಹುಲ್ಲು, ಸೋಗೆ, ಮಡಲಿನ ಹೊದಿಕೆಯೇ ಗತಿ; ಅದಕ್ಕೆ ಬೆಂಕಿಯ ಭಯ.

ಮಂಗಳೂರು ಹಂಚು ಬೇರೆ ಕುಲದ್ದು. ಅದರ ಅಂಚುಗಳಲ್ಲಿ ಏಣು ಮತ್ತು ಗಾಡಿಗಳಿರುತ್ತವೆ. ಒಂದರ ಏಣು ಪಕ್ಕದ್ದರ ಗಾಡಿಯಲ್ಲಿ ಕೂರುತ್ತದೆ. ಹೀಗೆ ಒಂದನ್ನೊಂದು ಹಿಡಿದುಕೊಳ್ಳುವ ಹಂಚನ್ನು ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಕ್ ಊರಿನ ಜಿಲಾರ್ಡೋನಿ ಸೋದರರು ರೂಪಿಸಿ ೧೮೪೧ರಲ್ಲಿ ಹಕ್ಕುಪತ್ರ ಪಡೆದಿದ್ದರು. ಆ ಊರು ಬಾಸೆಲಿಗೆ ಸಮೀಪದ್ದು. ಆಗ ಫ್ರಾನ್ಸಿನದಾಗಿದ್ದ ಆ ಪ್ರಾಂತ ೧೮೭೧ರಲ್ಲಿ ಜರ್ಮನಿಗೆ ಸೇರಿ, ೧೯೧೮ರ ಬಳಿಕ ಮತ್ತೆ ಫ್ರಾನ್ಸಿನದಾಯಿತು. ಗಡಿಗಳು ಹೀಗೆ ಅತ್ತಿತ್ತ ಸರಿದಾಡುತ್ತಿದ್ದಾಗ ಹಂಚು ಮಾತ್ರ ಗಡಿಗಳನ್ನು ಲೆಕ್ಕಿಸದೆ ಹರಡಿತು. ಒಂದರೊಳಗೊಂದು ಕೂರುವ ಹಂಚಿಗೆ ಅಳತೆಯ ನಿಖರತೆ ಅನಿವಾರ್ಯ. ಹಸಿಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಎಲ್ಲ ಹಂಚುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕಾದರೆ ಮಣ್ಣಿನ ಹದ, ನೀರು, ಒಣಗುವ ಅವಧಿ, ಆವಿಗೆಯ ಕಾವು ಎಲ್ಲವೂ ಒಂದೇ ಬಗೆಯಾಗಿರಬೇಕು. ಕುಂಬಾರನ ಕೈಯ ಅಂದಾಜಿನ ಸ್ಥಾನವನ್ನು ಅಳತೆ ಆಕ್ರಮಿಸಿದ್ದು ಇಲ್ಲಿಯೇ.

ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಮಣ್ಣನ್ನು ದೋಣಿಯಲ್ಲಿ ತಂದು, ಕೊಳೆಹಾಕಿ, ಅರೆದು, ಹಲಗೆಗಳಂತೆ ಕತ್ತರಿಸಿ, ಒತ್ತುಯಂತ್ರದ ಅಚ್ಚಿನಲ್ಲಿ ಒತ್ತಿ, ಅಂಚಿನ ಹೆಚ್ಚುವರಿ ಮಣ್ಣನ್ನು ಕೈಯಿಂದ ಹೆರೆದು, ನೆರಳಿನ ಅಟ್ಟಣೆಗಳಲ್ಲಿ ಒಣಗಿಸಿ, ಸೌದೆಯ ಆವಿಗೆಯಲ್ಲಿ ಸುಡಲಾಗುತ್ತಿತ್ತು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂದು ಆ ಪ್ರಸಿದ್ಧ ಕೆಂಪು ಬರುತ್ತದೆ. ಮೊದಮೊದಲು ಮಣ್ಣು ಅರೆಯುವ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು. ಮುಂದೆ ಹಬೆಯ ಯಂತ್ರ ಬಂದಿತು. ಗಟ್ಟದ ಕಾಡಿನ ಸೌದೆ, ನದಿಯ ಮಣ್ಣು, ಬಂದರಿನ ಮಂಜಿ ಹಾಯಿಹಡಗುಗಳು ಈ ಮೂರೂ ಒಂದೆಡೆ ದೊರೆತುದರಿಂದ ಕಲ್ಲಿದ್ದಲಿಲ್ಲದ ಊರಿನಲ್ಲಿಯೂ ಕಾರ್ಖಾನೆ ನಿಲ್ಲಲು ಸಾಧ್ಯವಾಯಿತು. ವ್ಯುರ್ಟೆಂಬರ್ಗಿನ ಪಾಠವೂ ಅದೇ ಆಗಿತ್ತು.

ಮಿಶನ್ನಿನ ವ್ಯಾಪಾರವನ್ನು ನೋಡಿಕೊಳ್ಳಲು ೧೮೫೯ರಲ್ಲಿ ಬಾಸೆಲಿನಲ್ಲಿ ಪ್ರತ್ಯೇಕ ಕೂಡುಬಂಡವಾಳದ ಕಂಪೆನಿ ಸ್ಥಾಪಿತವಾಗಿತ್ತು. ಜೆಪ್ಪುವಿನ ಬಳಿಕ ಮಂಗಳೂರಿನ ಕುದ್ರೋಳಿ, ಉಡುಪಿಯ ಬಳಿಯ ಮಲ್ಪೆ, ಕೇರಳದ ಕಲ್ಲಿಕೋಟೆ ಮತ್ತು ಫರೋಕುಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಸರ್ಕಾರಿ ಕಟ್ಟಡಗಳಿಗೆ, ರೈಲ್ವೆಯ ವಸತಿಗಳಿಗೆ ಈ ಹಂಚು ಬಳಕೆಯಾಗಿ, ಮುಂಬಯಿ ಬಂದರಿನ ಮೂಲಕ ದಕ್ಖನಿನ ಪ್ರಸ್ಥಭೂಮಿಗೂ ಏರಿತು. ಪುಣೆಯ ‘ಮಂಗಲೋರಿ ಕೌಲ’ ಈ ಪ್ರಯಾಣದ ಗುರುತು.

ಉದ್ಯಮ ಮಿಶನ್ನಿನ ಏಕಸ್ವಾಮ್ಯವಾಗಿ ಉಳಿಯಲಿಲ್ಲವೆಂಬುದು ಇನ್ನೂ ಮುಖ್ಯ. ಮೂರೇ ವರ್ಷಗಳಲ್ಲಿ, ೧೮೬೮ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಆರಂಭವಾಯಿತು. ಮುಂದೆ ನದಿಗಳ ದಂಡೆಯುದ್ದಕ್ಕೂ ಸ್ಥಳೀಯರ ಕಾರ್ಖಾನೆಗಳ ಹೊಗೆಗೊಳವೆಗಳು ಸಾಲುಗಟ್ಟಿದವು. ತಂತ್ರಜ್ಞಾನ ಒಂದು ನಾಡಿನಲ್ಲಿ ಬೇರೂರಿತೆಂದು ಹೇಳಬೇಕಾದರೆ ತಂದವನ ನೆರವಿಲ್ಲದೆ ಅದನ್ನು ನಡೆಸುವವರು ಅಲ್ಲಿ ಹುಟ್ಟಬೇಕು. ಈ ಅಳತೆಗೋಲಿನಿಂದ ನೋಡಿದರೆ ಹಂಚಿನ ಉದ್ಯಮ ಮೂರು ವರ್ಷಗಳಲ್ಲಿಯೇ ಕನ್ನಡ ಕರಾವಳಿಯದಾಯಿತು.

೬

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದಲೇ ಹೊರಬಂದಿತು. ಸುಮಾರು ೭೦,೦೦೦ ಪದಗಳ, ಹಲವು ಲಿಪಿಗಳು ಒಂದೇ ಪುಟದಲ್ಲಿ ಬೆರೆಯುವ ಅಂಥ ಗ್ರಂಥವನ್ನು ಮೊಳೆ ಜೋಡಿಸಿ, ಕರಡು ತಿದ್ದಿ, ಮುದ್ರಿಸುವುದು ಒಬ್ಬ ವಿದ್ವಾಂಸನ ತಪಸ್ಸಿನಿಂದ ಮಾತ್ರ ಆಗುವ ಕೆಲಸವಲ್ಲ. ಅದರ ಹಿಂದೆ ನಾಲ್ಕು ದಶಕಗಳ ಕಾಲ ತರಬೇತಿ ಪಡೆದ ಮೊಳೆ ಜೋಡಿಸುವವರ, ಮುದ್ರಕರ, ರಟ್ಟು ಕಟ್ಟುವವರ ಒಂದು ಕಾರ್ಮಿಕ ಸಮುದಾಯವಿತ್ತು. ಕಿಟ್ಟೆಲರ ನಿಘಂಟನ್ನು ನಾವು ಭಾಷಾವಿಜ್ಞಾನದ ಕೃತಿಯೆಂದು ಓದುತ್ತ ಬಂದಿದ್ದೇವೆ. ಅದು ಮಂಗಳೂರಿನ ಕೈಗಾರಿಕೆಯ ಅತ್ಯುತ್ತಮ ಉತ್ಪನ್ನವೂ ಹೌದು ಎಂದು ಸೇರಿಸಿಕೊಳ್ಳಬೇಕಾಗಿದೆ.

ಹಾಗೆಂದು ಈ ಕಾರ್ಖಾನೆಗಳನ್ನು ಕೇವಲ ಉಪಕಾರದ ಸಂಸ್ಥೆಗಳೆಂದು ವರ್ಣಿಸುವುದು ಸತ್ಯಕ್ಕೆ ದೂರ. ಉಪದೇಶ ಕೇಳಿಸುವವನೂ ಕೂಲಿ ಕೊಡುವವನೂ ಒಬ್ಬನೇ ಆದಾಗ ಕಾರ್ಮಿಕನ ಮನಸ್ಸಿನ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆಂಬ ಪ್ರಶ್ನೆ ಏಳುತ್ತದೆ. ದೇವರ ಕೆಲಸಕ್ಕೆ ಬಂದವರು ಲಾಭದ ವ್ಯಾಪಾರ ಮಾಡಬಹುದೆ ಎಂಬ ವಾದ ಮಿಶನ್ನಿನ ಒಳಗೇ ನಡೆದಿತ್ತು. ಕಾರ್ಖಾನೆಯ ಗಂಟೆ ಹಬ್ಬ, ಕೋಲ, ಸುಗ್ಗಿಗಳ ಕಾಲಗಣನೆಯನ್ನು ಬದಲಿಸಿತು. ಜಾತಿಯ ಕಸುಬಿನಿಂದ ಬಿಡುಗಡೆ ಪಡೆದವನು ದಿನಗೂಲಿಯ ಶಿಸ್ತಿಗೆ ಒಳಪಟ್ಟ. ಈ ಎರಡೂ ಮಾತುಗಳು ಏಕಕಾಲಕ್ಕೆ ನಿಜ. ಮುಂದೆ ೧೯೩೦, ೪೦ರ ದಶಕಗಳಲ್ಲಿ ಮಂಗಳೂರಿನ ಹಂಚು ಮತ್ತು ಬೀಡಿ ಕಾರ್ಮಿಕರು ಸಂಘ ಕಟ್ಟಿ ಹೋರಾಡಿದುದು ಅದೇ ಚರಿತ್ರೆಯ ಮುಂದಿನ ಅಧ್ಯಾಯ.

ಕೈಗಾರಿಕಾ ನೈಪುಣ್ಯ ಜರ್ಮನರ ಹುಟ್ಟುಗುಣವೆಂಬ ಭಾವನೆಯನ್ನೂ ಒಪ್ಪಲಾಗದು. ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಕಬ್ಬಿಣದ ನೇಗಿಲು ತಯಾರಿಸಿ, ೧೯೧೦ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದ ಎಣ್ಣೆ ಯಂತ್ರಗಳ ಕಾರ್ಖಾನೆ ೧೯೪೬ರಲ್ಲಿ ಪುಣೆಯ ಖಡ್ಕಿಯಲ್ಲಿ ಆರಂಭವಾಯಿತು. ಕಸುಬು, ಶಿಕ್ಷಣ ಮತ್ತು ಅವಕಾಶ ಕೂಡಿದಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆದುದು ಬೆಳಗಾವಿಯಲ್ಲಿಯೂ ಆಗುತ್ತದೆ.

೭

೧೯೧೪ರ ಆಗಸ್ಟಿನಲ್ಲಿ ಯುದ್ಧ ಆರಂಭವಾಯಿತು. ಎಂಬತ್ತು ವರ್ಷಗಳ ಕಾಲ ಕರಾವಳಿಯಲ್ಲಿ ‘ಪಾದ್ರಿ’ಗಳಾಗಿದ್ದವರು ಒಮ್ಮೆಗೇ ‘ಶತ್ರು ಪ್ರಜೆ’ಗಳಾದರು. ಭಾರತದಲ್ಲಿದ್ದ ಜರ್ಮನರನ್ನು ಕೂಡಿಹಾಕಿದ ಮುಖ್ಯ ಶಿಬಿರ ಪುಣೆಗೆ ಹೆಚ್ಚು ದೂರವಿಲ್ಲದ ಅಹ್ಮದ್‌ನಗರದಲ್ಲಿತ್ತು. ಈಗ ಆ ಊರಿನ ಹೆಸರು ಅಹಿಲ್ಯಾನಗರ. ೧೯೧೫ರ ಕೊನೆಯಿಂದ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಮಿಶನರಿಗಳನ್ನೂ ಅವರ ಕುಟುಂಬಗಳನ್ನೂ ಯೂರೋಪಿಗೆ ಕಳುಹಿಸಲಾಯಿತು. ಕಾರ್ಖಾನೆಗಳು ಸರ್ಕಾರದ ವಶವಾಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಒಡೆತನಕ್ಕೆ ಸೇರಿದವು.

ಈ ಪ್ರಸಂಗದ ವೈಪರೀತ್ಯವನ್ನು ಗಮನಿಸಬೇಕು. ಮಿಶನ್ನಿನ ವ್ಯಾಪಾರ ಕಂಪೆನಿಯ ನೆಲೆ ತಟಸ್ಥ ರಾಷ್ಟ್ರವಾದ ಸ್ವಿಟ್ಜರ್‌ಲೆಂಡಿನಲ್ಲಿ. ಜೆಪ್ಪುವಿನ ಕಾರ್ಖಾನೆ ತಲೆಯೆತ್ತಿದಾಗ ಜರ್ಮನ್ ಸಾಮ್ರಾಜ್ಯ ಹುಟ್ಟಿರಲೇ ಇಲ್ಲ. ಅದಕ್ಕೆ ಇನ್ನೂ ಆರು ವರ್ಷಗಳಿದ್ದವು. ಇಲ್ಲದ ರಾಷ್ಟ್ರದ ಜನ ಬಂದು ಕಟ್ಟಿದ ಉದ್ಯಮ, ಆಮೇಲೆ ಹುಟ್ಟಿದ ರಾಷ್ಟ್ರವೊಂದರ ಹೆಸರಿನಲ್ಲಿ ಶತ್ರುವಿನ ಸ್ವತ್ತಾಯಿತು. ಸಣ್ಣ ಕಸುಬುದಾರರ ನಾಡಾಗಿದ್ದ ಜರ್ಮನಿ ೧೮೭೧ರ ಬಳಿಕ ಉಕ್ಕು ಮತ್ತು ಫಿರಂಗಿಗಳ ಜರ್ಮನಿಯಾಗಿ ಬೆಳೆದಿತ್ತು. ಆ ಬೆಳವಣಿಗೆಯ ದಂಡವನ್ನು ಮಂಗಳೂರಿನ ಹಂಚಿನ ಕಾರ್ಖಾನೆ ತೆರಬೇಕಾಯಿತು. ಒಡೆತನ ಬದಲಾದಾಗ ಮಣ್ಣು ತುಳಿಯುವವನ, ಹಂಚು ಹೊರುವವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿಯೂ ಜರ್ಮನರ ಬಂಧನ ಮರುಕಳಿಸಿತು. ಆಗ ಪುಣೆಯ ಬಳಿಯ ಪುರಂದರ ದುರ್ಗವೂ ಒಂದು ಶಿಬಿರವಾಗಿತ್ತು.

೮

ಸ್ವಾತಂತ್ರ್ಯಾನಂತರ ಈ ಸಂಬಂಧ ಮತ್ತೆ ಆರಂಭವಾದುದು ಬೇರೆಯ ರೂಪದಲ್ಲಿ. ೧೯೫೧ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ‘ಮೈಕೊ’ ಸಂಸ್ಥೆಯ ಹಿಂದೆ ಇದ್ದುದು ರಾಬರ್ಟ್ಬಾಷ್ ೧೮೮೬ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತೆರೆದ ಸಣ್ಣ ಕಾರ್ಯಶಾಲೆಯಿಂದ ಬೆಳೆದ ಕಂಪೆನಿ. ಸ್ಟುಟ್‌ಗಾರ್ಟ್ ಎಂದರೆ ವ್ಯುರ್ಟೆಂಬರ್ಗಿನ ರಾಜಧಾನಿ. ಹೀಗೆ ಅದೇ ನಾಡು ಎರಡನೆಯ ಬಾರಿ ಕನ್ನಡ ನೆಲಕ್ಕೆ ಬಂದಂತಾಯಿತು. ಪುಣೆಯ ಭಾಗದಲ್ಲಿ, ಅಹ್ಮದ್‌ನಗರದ ಎನ್. ಕೆ. ಫಿರೋದಿಯಾ ಅವರು ೧೯೫೮ರಲ್ಲಿ ಹ್ಯಾಂಬರ್ಗಿನ ವಿಡಾಲ್ ಕಂಪೆನಿಯ ಸಹಯೋಗದಿಂದ ‘ಟೆಂಪೋ’ ಮೂರುಗಾಲಿಯ ಗಾಡಿಯ ತಯಾರಿಕೆಗೆ ಕೈಹಾಕಿದರು. ಆ ಉದ್ಯಮ ಮುಂದೆ ಆಕುರ್ಡಿಯಲ್ಲಿ ನೆಲೆಗೊಂಡಿತು. ಜರ್ಮನರನ್ನು ಕೂಡಿಹಾಕಿದ್ದ ಊರಿನಿಂದ ಬಂದವರೇ ಜರ್ಮನರ ಜೊತೆ ಕೈಜೋಡಿಸಿದ್ದು ಚರಿತ್ರೆಯ ಒಂದು ಸಂಧಿ. ಜರ್ಮನಿಯಲ್ಲಿ ಆ ವಾಹನದ ಹೆಸರು ಕಣ್ಮರೆಯಾಗಿದೆ. ಇಲ್ಲಿನ ಕಂಪೆನಿಯೂ ೨೦೦೫ರಲ್ಲಿ ಹೆಸರು ಬದಲಿಸಿಕೊಂಡಿತು. ಕನ್ನಡದಲ್ಲಿ ಮಾತ್ರ ‘ಟೆಂಪೋ’ ಉಳಿದಿದೆ. ೨೦೦೯ರಲ್ಲಿ ಚಾಕಣದಲ್ಲಿ ಜರ್ಮನ್ ಕಾರುಗಳ ಕಾರ್ಖಾನೆಗಳು ತೆರೆದವು.

ಆದರೆ ೧೮೬೫ರ ಸಂಬಂಧಕ್ಕೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಂದು ಬಂದವರು ಇಲ್ಲಿನ ಭಾಷೆಯನ್ನು ಕಲಿಯದೆ ಕೆಲಸ ಮಾಡುವಂತಿರಲಿಲ್ಲ. ಮತವನ್ನು ಬೋಧಿಸಲು ಭಾಷೆ ಬೇಕಿತ್ತು, ಕಸುಬನ್ನು ಕಲಿಸಲೂ ಭಾಷೆ ಬೇಕಿತ್ತು. ಆದ್ದರಿಂದಲೇ ಒಂದೇ ಸಂಸ್ಥೆಯಿಂದ ಹಂಚೂ ಬಂದಿತು, ನಿಘಂಟೂ ಬಂದಿತು. ಇಂದು ಕೈಗಾರಿಕೆಗೆ ಯಂತ್ರದ ಭಾಷೆ, ನಕ್ಷೆಯ ಭಾಷೆ ಮತ್ತು ಇಂಗ್ಲಿಷ್ ಇದ್ದರೆ ಸಾಕು. ಈ ಬಾರಿ ಹಂಚಿನೊಂದಿಗೆ ನಿಘಂಟು ಬರಲಿಲ್ಲ. ಬರೆಯುವ ಹೊಣೆ ನಮ್ಮದೇ ಆಗಿದೆ.

೯

ಕೊನೆಯಲ್ಲಿ ಕನ್ನಡ ವಿದ್ಯಾರ್ಥಿಗಳ ಗಮನಕ್ಕೆ ಎರಡು ವಿಷಯಗಳನ್ನು ತರಬಯಸುತ್ತೇನೆ. ಹಂಚಿನ ಕಾರ್ಖಾನೆಗಳ ಕಸುಬುನುಡಿ ಕನ್ನಡ, ತುಳು, ಕೊಂಕಣಿ, ಮಲಯಾಳಗಳ ಬೆರಕೆಯಲ್ಲಿ ಬೆಳೆದುದು. ಮಣ್ಣಿನ ಬಗೆಗಳು, ಆವಿಗೆಯ ಭಾಗಗಳು, ಒತ್ತುಯಂತ್ರದ ಅಂಗಗಳು, ಕೆಲಸಗಾರರ ದರ್ಜೆಗಳು ಇವಕ್ಕೆಲ್ಲ ಅಲ್ಲಿ ಹೆಸರುಗಳಿವೆ. ಕಾಂಕ್ರೀಟಿನ ಮಾಡು ಬಂದು, ಮಣ್ಣು ಮತ್ತು ಸೌದೆ ದುರ್ಲಭವಾಗಿ, ಈ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಅಲ್ಲಿ ದುಡಿದ ಹಿರಿಯರು ಇರುವಾಗಲೇ ಆ ಪದಗಳನ್ನು ಸಂಗ್ರಹಿಸದಿದ್ದರೆ ಅವು ಕಾರ್ಖಾನೆಗಳೊಂದಿಗೇ ಅಳಿಯುತ್ತವೆ.

ಎರಡನೆಯದಾಗಿ, ಮಿಶನ್ನಿನ ವರದಿಗಳು ಬಾಸೆಲಿನಲ್ಲಿವೆ. ಅವು ಯಜಮಾನನ ಬರಹಗಳು. ಅಚ್ಚುಮೊಳೆ ಜೋಡಿಸಿದವನ, ಹಂಚಿನ ಅಂಚು ಹೆರೆದವಳ ಮಾತು ಅಲ್ಲಿ ಸಿಗುವುದು ವಿರಳ. ಹಾಡು, ಗಾದೆ, ಮನೆಮಾತಿನ ನೆನಪುಗಳಲ್ಲಿ ಅದನ್ನು ಹುಡುಕಬೇಕು. ಈ ಕೆಲಸಕ್ಕೆ ಬೇಕಾದ ಸಿದ್ಧತೆ ಅರ್ಥಶಾಸ್ತ್ರಜ್ಞನಿಗಿಂತ ಕನ್ನಡ ವಿದ್ಯಾರ್ಥಿಯಲ್ಲಿ ಹೆಚ್ಚಾಗಿದೆ.

ಕಿಟ್ಟೆಲರ ನಿಘಂಟು ನಮ್ಮ ಕಪಾಟಿನಲ್ಲಿದೆ. ಹಂಚು ಇನ್ನೂ ಅನೇಕರ ಮನೆಗಳ ಮೇಲಿದೆ. ಮಾಡು ಬಿಚ್ಚುವಾಗ ಹಂಚೊಂದನ್ನು ತಿರುಗಿಸಿ ಅದರ ಬೆನ್ನನ್ನು ನೋಡಿದರೆ ತಯಾರಾದ ಕಾರ್ಖಾನೆಯ ಹೆಸರು ಒತ್ತಿದ ಅಕ್ಷರಗಳಲ್ಲಿ ಕಾಣುತ್ತದೆ. ಅದೂ ಒಂದು ಶಾಸನವೆಂದು ಭಾವಿಸಿ ಓದುವ ಅಭ್ಯಾಸವನ್ನು ನಮ್ಮ ವಿಭಾಗಗಳು ಬೆಳೆಸಬೇಕು.